ಹಿಂಡುವ ಕೈಯನ್ನು ಮರೆತ ಪದ

ಜಿಲ್ಲಾಧಿಕಾರಿ ಕಚೇರಿಯ ಇಂಗ್ಲಿಷ್ ಫಲಕದಲ್ಲಿ ‘ಡಿಸ್ಟ್ರಿಕ್ಟ್’ ಎಂಬ ಪದ ಇದ್ದೇ ಇರುತ್ತದೆ. ಬರ, ಸಾಲ, ಬೆಳೆನಷ್ಟ ಎಂದು ಅರ್ಜಿ ಹಿಡಿದು ಆ ಕಚೇರಿಯ ಮೆಟ್ಟಿಲು ಹತ್ತುವವರ ಬಗ್ಗೆ ಇಂಗ್ಲಿಷ್ ವರದಿಗಳು ಬರೆಯುವಾಗ ‘ಡಿಸ್ಟ್ರೆಸ್’ ಎನ್ನುತ್ತವೆ. ಫಲಕದ ಪದವೂ ವರದಿಯ ಪದವೂ ಒಂದೇ ತಾಯಿಯ ಮಕ್ಕಳು. ಹೀಗೆಂದರೆ ಮೊದಲು ಯಾರೂ ನಂಬುವುದಿಲ್ಲ. ಒಂದು ಆಡಳಿತದ ಗಡಿ, ಇನ್ನೊಂದು ಮನುಷ್ಯನ ಒಳಗಿನ ಸಂಕಟ. ಇವಕ್ಕೆ ಎಲ್ಲಿಯ ನಂಟು? ಈ ನಂಟನ್ನು ಹುಡುಕುತ್ತ ಹೋದರೆ ಒಂದು ದನದ ದೊಡ್ಡಿಯ ಮುಂದೆ ಹೋಗಿ ನಿಲ್ಲುತ್ತೇವೆ.

ಲ್ಯಾಟಿನ್‌ನಲ್ಲಿ ‘ಸ್ಟ್ರಿಂಗೆರೆ’ ಎಂಬ ಕ್ರಿಯಾಪದವಿದೆ. ಬಿಗಿಯುವುದು, ಎಳೆದು ಕಟ್ಟುವುದು, ಅಮುಕುವುದು ಎಂದು ಅರ್ಥ. ಇಂಗ್ಲಿಷ್‌ನ ‘ಸ್ಟ್ರಿಕ್ಟ್’ ಮೇಷ್ಟರು, ‘ರಿಸ್ಟ್ರಿಕ್ಷನ್’ ಎಂಬ ನಿರ್ಬಂಧ, ಬೇಟೆಯನ್ನು ಸುತ್ತಿ ಹಿಸುಕುವ ‘ಕನ್‌ಸ್ಟ್ರಿಕ್ಟರ್’ ಹಾವು, ಎರಡು ನೆಲಗಳ ನಡುವೆ ಸಮುದ್ರ ಇರುಕಿಕೊಂಡ ‘ಸ್ಟ್ರೇಟ್’ ಎಂಬ ಜಲಸಂಧಿ, ಎಲ್ಲವೂ ಆ ಬಿಗಿತದಿಂದಲೇ ಬಂದವು. ಅದಕ್ಕೆ ‘ಡಿಸ್’ ಸೇರಿದಾಗ ‘ಡಿಸ್ಟ್ರಿಂಗೆರೆ’ ಆಯಿತು. ಬೇರೆ ಬೇರೆ ದಿಕ್ಕಿಗೆ ಎಳೆಯುವುದು, ತಡೆಯುವುದು. ಮಧ್ಯಯುಗದ ಲ್ಯಾಟಿನ್‌ನಲ್ಲಿ ಅದರ ಅರ್ಥ ಇನ್ನಷ್ಟು ಗಡುಸಾಗಿ, ಬಲವಂತದಿಂದ ಬಗ್ಗಿಸುವುದು ಎಂದಾಯಿತು. ಹಳೆಯ ಫ್ರೆಂಚ್‌ನಲ್ಲಿ ‘ದೆಸ್ತ್ರೆಸ್’ ಎಂಬ ರೂಪ ತಾಳಿ, 13ನೇ ಶತಮಾನದಲ್ಲಿ ನಾರ್ಮನ್ ದೊರೆಗಳ ಭಾಷೆಯ ಜೊತೆ ಇಂಗ್ಲಿಷ್‌ಗೆ ಇಳಿಯಿತು.

‘ಡಿಸ್ಟ್ರಿಕ್ಟ್’ ಹುಟ್ಟಿದ್ದೂ ಇಲ್ಲೇ. ತಪ್ಪಿತಸ್ಥರನ್ನು ಹಿಡಿದು ಬಗ್ಗಿಸುವ ಅಧಿಕಾರಕ್ಕೆ ಮಧ್ಯಯುಗದಲ್ಲಿ ‘ಡಿಸ್ಟ್ರಿಕ್ಟಸ್’ ಎನ್ನುತ್ತಿದ್ದರು. ಆಮೇಲೆ ಆ ಅಧಿಕಾರ ಎಷ್ಟು ದೂರ ನಡೆಯುತ್ತದೋ ಅಷ್ಟು ನೆಲಕ್ಕೇ ಅದು ಹೆಸರಾಯಿತು. ಒಬ್ಬ ಒಡೆಯನ ಕೈ ಎಲ್ಲಿಯವರೆಗೆ ಚಾಚುತ್ತದೋ ಅಲ್ಲಿಯವರೆಗೆ ಅವನ ‘ಡಿಸ್ಟ್ರಿಕ್ಟ್’. ಆ ಕೈ ಏನನ್ನು ಹಿಡಿದು ಎಳೆದೊಯ್ಯುತ್ತದೋ ಅದು ‘ಡಿಸ್ಟ್ರೆಸ್’.

ಎಳೆದೊಯ್ಯುತ್ತಿದ್ದದ್ದು ಹೆಚ್ಚಾಗಿ ದನಕರುಗಳನ್ನು. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ‘ಡಿಸ್ಟ್ರೆಸ್’ ಎಂದರೆ ಮನಸ್ಸಿನ ಸ್ಥಿತಿಯ ಹೆಸರಲ್ಲ. ಗೇಣಿ ಬಾಕಿ ಉಳಿಸಿಕೊಂಡವನ, ಒಡೆಯನಿಗೆ ಸಲ್ಲಬೇಕಾದ ಸೇವೆ ತಪ್ಪಿಸಿದವನ ಸೊತ್ತನ್ನು ನ್ಯಾಯಾಲಯದ ಅಪ್ಪಣೆಗೂ ಕಾಯದೆ ಹಿಡಿದೊಯ್ದು, ಬಾಕಿ ತೀರುವ ತನಕ ಕಟ್ಟಿಹಾಕುವ ಹಕ್ಕಿಗೆ ಆ ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಪ್ತಿ. ಹಿಡಿದೊಯ್ಯುವ ಕೆಲಸಕ್ಕೂ ಡಿಸ್ಟ್ರೆಸ್ ಎನ್ನುತ್ತಿದ್ದರು, ಹಿಡಿದೊಯ್ದ ವಸ್ತುವಿಗೂ ಡಿಸ್ಟ್ರೆಸ್ ಎನ್ನುತ್ತಿದ್ದರು. ಅಂದರೆ ದೊಡ್ಡಿಯಲ್ಲಿ ಕಟ್ಟಿದ ಹಸುವೇ ಒಂದು ಡಿಸ್ಟ್ರೆಸ್. ತೆರೆದ ದೊಡ್ಡಿಯಲ್ಲಿ ಕಟ್ಟಿದ್ದರೆ ಅದಕ್ಕೆ ಹುಲ್ಲು ನೀರು ತಂದು ಹಾಕಬೇಕಾದವನು ಕಟ್ಟಿದವನಲ್ಲ, ಕಳೆದುಕೊಂಡವನೇ. ತನ್ನ ಹಸು ಇನ್ನೊಬ್ಬರ ಗೂಟದಲ್ಲಿದೆ; ಹಾಲು ಕರೆಯುವಂತಿಲ್ಲ, ಬಿಚ್ಚುವಂತಿಲ್ಲ, ಆದರೂ ದಿನಾ ಹುಲ್ಲಿನ ಹೊರೆ ಹೊತ್ತುಕೊಂಡು ಹೋಗಬೇಕು. ಆ ರೈತ ದೊಡ್ಡಿಯ ಬೇಲಿಯ ಹೊರಗೆ ನಿಂತು ಪಟ್ಟ ಪಾಡಿಗೂ ಕಾಲಾಂತರದಲ್ಲಿ ಅದೇ ಹೆಸರು ಅಂಟಿಕೊಂಡಿತು ಎಂದರೆ ಆಶ್ಚರ್ಯವಿಲ್ಲ. ಕಾನೂನಿನ ಅರ್ಥವೂ ಸಂಕಟದ ಅರ್ಥವೂ ಇಂಗ್ಲಿಷ್‌ನಲ್ಲಿ ಶತಮಾನಗಳ ಕಾಲ ಅಕ್ಕಪಕ್ಕದಲ್ಲೇ ಬಾಳಿದವು.

ಈ ಹಕ್ಕಿನ ದುರುಪಯೋಗ ಎಷ್ಟಿತ್ತೆಂದರೆ ಅದಕ್ಕೆ ಮೂಗುದಾರ ಹಾಕಲು ರಾಜನೇ ಕಾನೂನು ಮಾಡಬೇಕಾಯಿತು. ಮೂರನೆಯ ಹೆನ್ರಿಯ ಕಾಲದಲ್ಲಿ, 1267ರಲ್ಲಿ ಬಂದ ಮಾರ್ಲ್‌ಬರೊ ಶಾಸನದ ಮೊದಲ ಅಧ್ಯಾಯವೇ ಇದರ ಮೇಲಿದೆ. ನ್ಯಾಯಾಲಯದ ತೀರ್ಪಿಲ್ಲದೆ ಯಾರೂ ತಮ್ಮ ಸೇಡಿಗಾಗಿ ಇನ್ನೊಬ್ಬರ ಸೊತ್ತು ಹಿಡಿಯಬಾರದು ಎಂದು ಅದು ಹೇಳಿತು. ಹಿಡಿದ ದನವನ್ನು ಬೇರೆ ಕೌಂಟಿಗೆ ಅಟ್ಟಬಾರದು, ಬಾಕಿಗೆ ತಕ್ಕಷ್ಟೇ ಹಿಡಿಯಬೇಕು, ರಾಜಮಾರ್ಗದಲ್ಲಿ ಅಡ್ಡಹಾಕಿ ಹಿಡಿಯಬಾರದು ಎಂಬ ನಿಯಮಗಳೂ ಅದರಲ್ಲಿದ್ದವು. ಇಂಗ್ಲೆಂಡಿನಲ್ಲಿ ಈಗಲೂ ಜಾರಿಯಲ್ಲಿರುವ ಅತ್ಯಂತ ಹಳೆಯ ಶಾಸನಭಾಗಗಳು ಇದರಲ್ಲೇ ಇವೆ. ಆ ದೇಶದ ಅತಿ ಹಳೆಯ ಜೀವಂತ ಕಾನೂನು ಈ ಪದದ ಸುತ್ತಲೇ ಹೆಣೆದುಕೊಂಡಿರುವುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇನ್ನೂ ಕೆಲವು ಮಿತಿಗಳಿದ್ದವು. ಬಾಡಿಗೆ ಬಾಕಿಗೆ ಸೊತ್ತು ಹಿಡಿಯುವುದಿದ್ದರೆ ಸೂರ್ಯ ಹುಟ್ಟಿದ ಮೇಲೆ, ಸೂರ್ಯ ಮುಳುಗುವ ಮೊದಲು. ರಾತ್ರಿ ಬಂದು ಬಾಗಿಲು ಬಡಿಯುವಂತಿಲ್ಲ. ಬೇರೆ ಸೊತ್ತು ಸಿಕ್ಕುವಾಗ ಉಳುವ ಎತ್ತನ್ನು ಮುಟ್ಟುವಂತಿಲ್ಲ. ಹಿಡಿದ ಸೊತ್ತನ್ನು ಮೊದಲು ಇಟ್ಟುಕೊಳ್ಳಬಹುದಿತ್ತೇ ಹೊರತು ಮಾರುವಂತಿರಲಿಲ್ಲ. 1689ರ ಕಾಯ್ದೆ ಮಾರುವ ಹಕ್ಕನ್ನೂ ಕೊಟ್ಟಿತು. ಅಲ್ಲಿಂದ ಮುಂದೆ ದೊಡ್ಡಿ ಸೇರಿದ ಹಸು ಮನೆಗೆ ಮರಳುವ ಭರವಸೆಯೂ ಕಡಿಮೆಯಾಯಿತು. ಬಾಡಿಗೆಗಾಗಿ ಸೊತ್ತು ಹಿಡಿಯುವ ಈ ಹಳೆಯ ಹಕ್ಕು ಇಂಗ್ಲೆಂಡಿನಲ್ಲಿ ಪೂರ್ತಿ ರದ್ದಾದದ್ದು ತೀರ ಈಚೆಗೆ, 2014ರ ಏಪ್ರಿಲ್‌ನಲ್ಲಿ.

ಆ ಪದ ಹಡಗು ಹತ್ತಿ ನಮ್ಮ ನಾಡಿಗೂ ಬಂತು. ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳ ಸಣ್ಣ ದಾವೆಗಳ ನ್ಯಾಯಾಲಯಗಳಿಗೆಂದು 1882ರಲ್ಲಿ ಮಾಡಿದ ಕಾಯ್ದೆಯಲ್ಲಿ ಬಾಡಿಗೆ ಬಾಕಿಯ ಜಪ್ತಿಗೆ ಒಂದು ಇಡೀ ಅಧ್ಯಾಯವಿತ್ತು. ಅದರ ತಲೆಬರಹದಲ್ಲಿ ಇದೇ ಪದ. ಬೆಳೆ ಮೇಯ್ದ ಬೀಡಾಡಿ ದನವನ್ನು ಹಿಡಿದು ದೊಡ್ಡಿಗೆ ಹೊಡೆಯಲು ಹೊಲದವನಿಗೆ ಹಕ್ಕು ಕೊಟ್ಟದ್ದು 1871ರ ಕಾಯ್ದೆ. ಕಂದಾಯ ಬಾಕಿಗೆ ಚರಸೊತ್ತನ್ನು ಹಿಡಿದು ಮಾರುವ ಅವಕಾಶ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲೂ ಇದೆ. ನಮ್ಮ ಜನ ಇದಕ್ಕೆಲ್ಲ ಅರಬ್ಬಿಯಿಂದ ಪಾರ್ಸಿ ಹಾದು ಬಂದ ‘ಜಪ್ತಿ’ ಎಂಬ ಪದವನ್ನು ಮೊದಲೇ ಇಟ್ಟುಕೊಂಡಿದ್ದರು. ಸುಲ್ತಾನರ ಕಾಲವೋ ಕಂಪನಿಯ ಕಾಲವೋ, ಹಿಡಿಯುವ ಕೈ ಬದಲಾದರೂ ಹಿಡಿತ ಬದಲಾಗಲಿಲ್ಲ.

ನನ್ನ ಅಜ್ಜಿಗೆ ‘ಅಮೀನ’ ಎಂಬ ಹೆಸರೇ ಆಗುತ್ತಿರಲಿಲ್ಲ. ಜಪ್ತಿ ಮಾಡಲು ಕೋರ್ಟಿನ ಅಮೀನ ಬಂದ ದಿನವನ್ನು ಆಕೆ ಎಪ್ಪತ್ತು ದಾಟಿದ ಮೇಲೂ ನಿನ್ನೆ ನಡೆದಂತೆ ಹೇಳುತ್ತಿದ್ದಳು. ಹಂಡೆ, ಕೊಡಪಾನ, ಕಂಚಿನ ತಟ್ಟೆಗಳನ್ನು ಜಗಲಿಗೆ ತಂದು ಸಾಲಾಗಿ ಇಟ್ಟರಂತೆ. ಬೀದಿಯವರೆಲ್ಲ ನೋಡುತ್ತಿದ್ದರಂತೆ. ಪಕ್ಕದ ಮನೆಯಾಕೆ ಒಂದು ಕೊಡವನ್ನು ತನ್ನದೆಂದು ಹೇಳಿ ಸೆರಗಿನಡಿ ಒಯ್ದು, ರಾತ್ರಿ ಹಿತ್ತಿಲ ಬಾಗಿಲಿಂದ ತಂದುಕೊಟ್ಟಳಂತೆ. ಆ ಕೊಡ ನಮ್ಮ ಮನೆಯಲ್ಲಿ ಬಹಳ ವರ್ಷ ಇತ್ತು. ಅಜ್ಜಿ ಈ ಕಥೆಯನ್ನು ಮುಗಿಸುವಾಗ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: ‘ಜೀವ ಹಿಂಡಿಬಿಟ್ರು ಕಣೋ ಮಗ.’

ಹಿಂಡುವುದು. ಆ ಕನ್ನಡ ಪದವನ್ನು ಇಷ್ಟು ವರ್ಷ ಬಿಟ್ಟು ಯೋಚಿಸಿದರೆ ಬೆರಗಾಗುತ್ತದೆ. ಲ್ಯಾಟಿನ್ ಹೆಸರೇ ಕೇಳದ ಅಜ್ಜಿ ‘ಸ್ಟ್ರಿಂಗೆರೆ’ಯ ಅರ್ಥವನ್ನು ಒಂದು ಮಾತಿನಲ್ಲಿ ಹೇಳಿದ್ದಳು. ಬಟ್ಟೆ ತಾನಾಗಿ ಹಿಂಡಿಕೊಳ್ಳುವುದಿಲ್ಲ. ನಿಂಬೆಹಣ್ಣು ತಾನಾಗಿ ಹಿಂಡಿಕೊಳ್ಳುವುದಿಲ್ಲ. ಎರಡು ಕೈ ಬೇಕು. ‘ಜೀವ ಹಿಂಡಿದರು’ ಎಂದಾಗ ಆ ‘ರು’ ಅಲ್ಲಿ ಕೂತಿರುತ್ತದೆ. ಹಿಂಡಿದವರು ಯಾರು ಎಂದು ಕೇಳದೆ ಆ ವಾಕ್ಯ ದಾಟಲು ಆಗುವುದಿಲ್ಲ. ಸಂಸ್ಕೃತದ ‘ಪೀಡೆ’ಯದೂ ಇದೇ ಸ್ವಭಾವ. ‘ಪೀಡ್’ ಎಂಬ ಧಾತುವಿಗೆ ಅಮುಕು, ಹಿಂಡು ಎಂದೇ ಅರ್ಥ. ಕಬ್ಬನ್ನು ಗಾಣಕ್ಕೆ ಕೊಟ್ಟು ರಸ ತೆಗೆಯುವುದೂ ಪೀಡನವೇ. ಅದಕ್ಕಾಗಿಯೇ ಪೀಡಿತನ ಜೊತೆಗೆ ಪೀಡಕನೂ ಇರುತ್ತಾನೆ. ಡಿಸ್ಟ್ರೆಸ್ ಎಂಬ ಪದಕ್ಕೆ ನಮ್ಮ ಭಾಷೆಯಲ್ಲಿ ಹತ್ತಿರದ ರಕ್ತಸಂಬಂಧಿ ಬೇಕೆಂದರೆ ನಾನು ಇವೆರಡನ್ನು ತೋರಿಸುತ್ತೇನೆ.

ಸಾಮಾನ್ಯವಾಗಿ ನಾವು ಅದನ್ನು ಅನುವಾದಿಸುವುದು ‘ಸಂಕಟ’ ಎಂದು. ತಪ್ಪಲ್ಲ, ಆದರೆ ಸಂಕಟದ ಬೇರು ಬೇರೆ. ಸಂಸ್ಕೃತದಲ್ಲಿ ‘ಸಂಕಟ’ ಎಂದರೆ ಮೊದಲು ಇಕ್ಕಟ್ಟಾದದ್ದು, ಕಿರಿದಾದದ್ದು. ಎರಡು ಬೆಟ್ಟಗಳ ನಡುವಿನ ಕಿರುದಾರಿಗೆ ಗಿರಿಸಂಕಟ ಎನ್ನುತ್ತಾರೆ. ಆಮೇಲೆ ಅದು ಬದುಕಿನ ಇಕ್ಕಟ್ಟಾಯಿತು. ‘ಇಕ್ಕಟ್ಟು’ ಎಂಬ ನಮ್ಮ ಪದವೂ ಹಾಗೆಯೇ ಎರಡೂ ಕಡೆ ದುಡಿಯುತ್ತದೆ: ಇಕ್ಕಟ್ಟಿನ ಓಣಿ, ಇಕ್ಕಟ್ಟಿನ ಪರಿಸ್ಥಿತಿ. ಇಂಗ್ಲಿಷ್‌ನ ‘ಆಂಗ್ವಿಶ್’, ‘ಆಂಗ್ಸೈಟಿ’, ಜರ್ಮನ್ನರ ‘ಆಂಗ್ಸ್ಟ್’, ಎದೆ ಹಿಡಿದಂತಾಗುವ ‘ಆಂಜೈನಾ’ ಎಲ್ಲವೂ ಕಿರಿದಾಗುವುದು, ಉಸಿರು ಬಿಗಿಯುವುದು ಎಂಬ ಒಂದೇ ಬೇರಿನಿಂದ ಬಂದವು. ವೇದದ ಭಾಷೆಯಲ್ಲಿ ಸಂಕಟಕ್ಕೂ ಪಾಪಕ್ಕೂ ಇದ್ದ ‘ಅಂಹಸ್’ ಎಂಬ ಪದ ಇವುಗಳದೇ ದಾಯಾದಿ. ಮನುಷ್ಯನ ನೋವನ್ನು ಇಷ್ಟೊಂದು ಭಾಷೆಗಳು ಜಾಗದ ಅಭಾವವಾಗಿ ಕಂಡಿವೆ. ಮಗು ಹುಟ್ಟುವ ಹಾದಿಯೇ ಇಕ್ಕಟ್ಟಿನದಲ್ಲವೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಕನ್ನಡ ಇನ್ನೊಂದು ದಾರಿಯನ್ನೂ ಹಿಡಿಯಿತು, ಒಲೆಯ ದಾರಿ. ಬೇಗುದಿ ಎಂದರೆ ಬೇಯುವುದೂ ಕುದಿಯುವುದೂ. ಹೊಟ್ಟೆ ಉರಿಯುತ್ತದೆ, ಒಡಲು ಬೇಯುತ್ತದೆ, ಮನಸ್ಸು ಕುದಿಯುತ್ತದೆ. ದಿನದ ಬಹುಪಾಲನ್ನು ಒಲೆಯ ಮುಂದೆ ಕಳೆದವರು ಕಟ್ಟಿದ ಮಾತುಗಳಿವು ಎಂದು ನನಗೆ ಯಾವಾಗಲೂ ಅನಿಸಿದೆ. ಇದನ್ನು ಸಾಧಿಸಿ ತೋರಿಸಲಾರೆ, ಆದರೆ ನಂಬುತ್ತೇನೆ.

ಇಂಗ್ಲಿಷ್‌ನ ಕಥೆಗೆ ಮರಳೋಣ. ಹಿಡಿಯುವ ಒಡೆಯನಿಲ್ಲದ ಒಂದು ಜಾಗಕ್ಕೂ ಡಿಸ್ಟ್ರೆಸ್ ಹೋಯಿತು. ಅದು ಸಮುದ್ರ. ಬಿರುಗಾಳಿಗೆ ಸಿಕ್ಕ ಹಡಗು ‘ಡಿಸ್ಟ್ರೆಸ್‌ನಲ್ಲಿದೆ’ ಎನ್ನುವಾಗ ಯಾರೂ ಅದನ್ನು ಜಪ್ತಿ ಮಾಡಿಲ್ಲ. ಅಲ್ಲಿ ಈ ಪದ ತನ್ನ ಬಾಳಿನಲ್ಲೇ ಅತ್ಯಂತ ಒಳ್ಳೆಯ ಕೆಲಸ ಮಾಡಿತು. ದೊಡ್ಡಿಯಲ್ಲಿ ಅದು ಬಲವಂತನ ಹಕ್ಕಾಗಿತ್ತು. ಕಡಲಿನಲ್ಲಿ ಸೋತವನ ಹಕ್ಕಾಯಿತು. ಮಾರ್ಕೋನಿ ಕಂಪನಿ 1904ರಲ್ಲಿ ತನ್ನ ತಂತಿಯಿಲ್ಲದ ತಂತಿಯವರಿಗೆ ‘ಸಿಕ್ಯೂಡಿ’ ಎಂಬ ಸಂಕೇತ ಕೊಟ್ಟಿತು. 1906ರಲ್ಲಿ ಬರ್ಲಿನ್‌ನಲ್ಲಿ ದೇಶಗಳು ಸೇರಿ ‘ಎಸ್‌ಒಎಸ್’ ಅನ್ನು ಒಪ್ಪಿದವು. ಅದು ಯಾವ ವಾಕ್ಯದ ಮೊದಲಕ್ಷರಗಳೂ ಅಲ್ಲ. ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ. ನಡುಗುವ ಕೈಯೂ ತಪ್ಪದೆ ಒತ್ತಬಹುದು, ಗದ್ದಲದಲ್ಲೂ ಕಿವಿ ಹಿಡಿಯಬಹುದು, ಅದಕ್ಕಾಗಿ ಆರಿಸಿದ್ದು. 1912ರ ಏಪ್ರಿಲ್ ರಾತ್ರಿ ಟೈಟಾನಿಕ್‌ನಿಂದ ಹಳೆಯ ಸಂಕೇತವೂ ಹೊಸ ಸಂಕೇತವೂ ಹೊರಟವು. ವಿಮಾನಗಳ ಕಾಲ ಬಂದಾಗ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ‘ಮೇಡೇ’ ಎಂಬ ಕೂಗನ್ನು ಸೂಚಿಸಿದರು. ಪ್ಯಾರಿಸ್ಸಿನಿಂದ ಬರುವ ವಿಮಾನಗಳೇ ಹೆಚ್ಚಾಗಿದ್ದರಿಂದ, ‘ನನಗೆ ನೆರವಾಗಿ’ ಎಂಬ ಫ್ರೆಂಚ್ ಮಾತಿನ ಸದ್ದನ್ನು ಎರವಲು ಪಡೆದರು. 1927ರಲ್ಲಿ ಅದು ಅಂತರರಾಷ್ಟ್ರೀಯ ಒಪ್ಪಂದದ ಭಾಗವಾಯಿತು.

ಇಲ್ಲಿ ನನ್ನನ್ನು ತಟ್ಟುವುದು ಸಂಕೇತಗಳಲ್ಲ, ಅವುಗಳ ಹಿಂದಿನ ಕಟ್ಟಳೆ. ಡಿಸ್ಟ್ರೆಸ್ ಕೂಗು ಕೇಳಿದ ಹಡಗಿನ ಕ್ಯಾಪ್ಟನ್ ತನ್ನ ಹಡಗಿಗೆ ಗಂಡಾಂತರವಿಲ್ಲದಿದ್ದರೆ ನೆರವಿಗೆ ಹೋಗಲೇಬೇಕು. ಕೂಗಿದವನ ದೇಶ, ಧರ್ಮ, ಸಾಲದ ಲೆಕ್ಕ ಕೇಳುವಂತಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವೂ ಇದನ್ನೇ ಹೇಳುತ್ತದೆ. ನೀರಿನ ಮೇಲೆ ಮನುಷ್ಯರು ಒಪ್ಪಿಕೊಂಡ ಈ ಕಟ್ಟಳೆಯನ್ನು ನೆಲದ ಮೇಲೆ ನಾವು ಇನ್ನೂ ಒಪ್ಪಿಕೊಂಡಿಲ್ಲ.

ನೆಲದ ಮೇಲೆ ಆದದ್ದೇ ಬೇರೆ. ಡಿಸ್ಟ್ರೆಸ್‌ನ ತಲೆಯಕ್ಷರ ಬಹಳ ಹಿಂದೆಯೇ ಉದುರಿ ‘ಸ್ಟ್ರೆಸ್’ ಎಂಬ ಮೋಟು ರೂಪವೂ ಹುಟ್ಟಿತ್ತು. ಇಕ್ಕಟ್ಟು ಎಂಬರ್ಥದ ಇನ್ನೊಂದು ಫ್ರೆಂಚ್ ಪದವೂ ಅದಕ್ಕೆ ಬೆರೆತಿತ್ತು. ಕಷ್ಟ, ಬಲಾತ್ಕಾರ ಎಂಬ ಅರ್ಥದಲ್ಲಿ ಅದು ಶತಮಾನಗಳ ಕಾಲ ಓಡಾಡಿಕೊಂಡಿತ್ತು. 19ನೇ ಶತಮಾನದ ಮಧ್ಯದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್‌ರಂಥ ಎಂಜಿನಿಯರುಗಳು ಅದನ್ನು ಕಬ್ಬಿಣಕ್ಕೆ ಒಯ್ದರು. ತೊಲೆಯ ಮೇಲೆ ಭಾರ ಬಿದ್ದಾಗ ಅದರೊಳಗೆ ಏಳುವ ಬಲ ಸ್ಟ್ರೆಸ್; ಅದರಿಂದ ತೊಲೆ ಬಾಗುವುದು, ಹಿಗ್ಗುವುದು ಸ್ಟ್ರೇನ್. ಅಳೆಯಬಹುದು, ಲೆಕ್ಕ ಹಾಕಬಹುದು. ಒಡೆಯನೂ ಇಲ್ಲ, ಹಸುವೂ ಇಲ್ಲ. ತೊಲೆ ಎಷ್ಟು ತಾಳುತ್ತದೆ ಎಂಬುದಷ್ಟೇ ಪ್ರಶ್ನೆ.

ಆ ಎಂಜಿನಿಯರುಗಳ ಪದವನ್ನು ಮನುಷ್ಯದೇಹಕ್ಕೆ ತಂದವರಲ್ಲಿ ದೊಡ್ಡ ಹೆಸರು ಹ್ಯಾನ್ಸ್ ಸೆಲ್ಯೆ ಅವರದು. 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ವೈದ್ಯಕೀಯ ಓದಿದವರು. ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೊಂದು ಗುಮಾನಿ ಕಾಡಿತ್ತು. ಪ್ರೊಫೆಸರು ಒಬ್ಬೊಬ್ಬ ರೋಗಿಯ ಬೇರೆ ಬೇರೆ ಕಾಯಿಲೆಗಳನ್ನು ವಿವರಿಸುತ್ತಿದ್ದರೆ, ಸೆಲ್ಯೆಗೆ ಕಂಡದ್ದು ಅವರೆಲ್ಲರಲ್ಲೂ ಇದ್ದ ಒಂದೇ ಬಳಲಿಕೆ: ಹಸಿವಿಲ್ಲ, ತೂಕ ಇಳಿದಿದೆ, ಮೈ ಸೋತಿದೆ. ಮುಂದೆ ಕೆನಡಾದ ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡುವಾಗ ಆ ಗುಮಾನಿಗೆ ಆಧಾರ ಸಿಕ್ಕಿತು. ಚಳಿಗೆ ಒಡ್ಡಿದರೂ, ವಿಷ ಚುಚ್ಚಿದರೂ, ಗಾಯ ಮಾಡಿದರೂ ಇಲಿಗಳ ಒಳಗೆ ಒಂದೇ ಬಗೆಯ ಬದಲಾವಣೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಉಬ್ಬುತ್ತಿತ್ತು, ಎದೆಯ ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. 1936ರ ಜುಲೈ 4ರ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪುಟ್ಟ ಪತ್ರವಾಗಿ ಪ್ರಕಟಿಸಿದರು. ಸ್ಟ್ರೆಸ್ ಎಂಬ ಹೆಸರು ಆ ಪತ್ರದ ತಲೆಬರಹದಲ್ಲಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದು ಅವರ ಬಾವುಟವಾಯಿತು. ಅಮೆರಿಕದ ವಾಲ್ಟರ್ ಕ್ಯಾನನ್ ಅದಕ್ಕೂ ಮೊದಲೇ, ಹೆದರಿದ ಪ್ರಾಣಿ ಕಾದಾಡಲು ಅಥವಾ ಓಡಲು ಮೈಯನ್ನು ಹೇಗೆ ಸಜ್ಜುಗೊಳಿಸುತ್ತದೆ ಎಂದು ತೋರಿಸಿದ್ದರು ಮತ್ತು 1935ರಲ್ಲಿ ದೇಹದ ಸಮತೋಲದ ಬಗ್ಗೆ ಬರೆಯುವಾಗ ಈ ಪದವನ್ನು ಬಳಸಿದ್ದರು.

ಸೆಲ್ಯೆಯ ಮಾತೃಭಾಷೆ ಇಂಗ್ಲಿಷ್ ಅಲ್ಲ. ತಮ್ಮ ಇಂಗ್ಲಿಷ್ ಇನ್ನಷ್ಟು ಗಟ್ಟಿಯಾಗಿದ್ದಿದ್ದರೆ ‘ಸ್ಟ್ರೇನ್’ ಎಂಬ ಪದವನ್ನು ಆರಿಸುತ್ತಿದ್ದೆ ಎಂದು ಅವರು ಮುಂದೆ ಒಪ್ಪಿಕೊಂಡರು. ಯಾಕೆಂದರೆ ಅವರು ವಿವರಿಸುತ್ತಿದ್ದದ್ದು ಹೊರಗಿನ ಭಾರವನ್ನಲ್ಲ, ದೇಹ ಬಾಗುವುದನ್ನು. ಭಾರಕ್ಕೆ ಇರಬೇಕಾಗಿದ್ದ ಹೆಸರು ಬಾಗುವಿಕೆಗೆ ಹೋಯಿತು. ಆಗ ಭಾರಕ್ಕೇ ಹೆಸರಿಲ್ಲದಂತಾಗಿ ‘ಸ್ಟ್ರೆಸರ್’ ಎಂಬ ಹೊಸ ಪದವನ್ನು ಅವರೇ ಟಂಕಿಸಬೇಕಾಯಿತು. ಇದು ಪಂಡಿತರ ತಕರಾರಿನಂತೆ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಹಿಂಡುವ ಕೈಯ ಮೇಲಿದ್ದ ಕಣ್ಣು ಹಿಂಡಿಸಿಕೊಂಡ ಮೈಯ ಮೇಲೆ ಬಿದ್ದದ್ದು ಇಲ್ಲಿಯೇ. ಪ್ಯಾರಿಸ್ಸಿನಲ್ಲಿ ಉಪನ್ಯಾಸ ಕೊಡುವಾಗ ಫ್ರೆಂಚ್‌ನಲ್ಲಿ ಸರಿಯಾದ ಪದ ಸಿಗದೆ ‘ಲ ಸ್ಟ್ರೆಸ್’ ಎಂದೇ ಬಳಸಿದರು. ಏಳು ಶತಮಾನಗಳ ಹಿಂದೆ ಫ್ರೆಂಚ್‌ನಿಂದ ಹೊರಟ ಪದ ಗುರುತು ಸಿಗದ ವೇಷದಲ್ಲಿ ತವರಿಗೆ ಮರಳಿತು. ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಿಗೂ ಹೊಕ್ಕಿತು. ನಮ್ಮ ಬಸ್‌ಸ್ಟಾಂಡುಗಳಲ್ಲೂ ಈಗ ‘ತುಂಬಾ ಸ್ಟ್ರೆಸ್ಸು’ ಎನ್ನುವುದು ಕೇಳುತ್ತದೆ.

1974ರಲ್ಲಿ ಸೆಲ್ಯೆ ಒಂದು ಪುಸ್ತಕ ಬರೆದರು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಡಿಸ್ಟ್ರೆಸ್ ಇಲ್ಲದ ಸ್ಟ್ರೆಸ್’ ಎಂದಾಗುತ್ತದೆ. ಒಳ್ಳೆಯ ಒತ್ತಡ, ಕೆಟ್ಟ ಒತ್ತಡ ಎಂದು ಭಾಗ ಮಾಡಿ, ಬದುಕನ್ನು ನೋಡುವ ರೀತಿ ಬದಲಿಸಿಕೊಂಡರೆ ಕೆಟ್ಟದ್ದನ್ನು ಒಳ್ಳೆಯದಾಗಿಸಬಹುದು ಎಂಬ ಭರವಸೆ ಕೊಟ್ಟರು. ಅವರ ವಿಜ್ಞಾನದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಭರವಸೆಯಿಂದ ಯಾರಿಗೆ ಲಾಭವಾಯಿತು ಎಂದು ನೋಡಬೇಕು. ತಂಬಾಕು ಉದ್ಯಮ ಅವರ ಸಂಶೋಧನೆಗೆ ಹಣ ಕೊಟ್ಟಿತ್ತು. ಸಿಗರೇಟು ಮನಸ್ಸಿನ ಬಿಗಿತ ಸಡಿಲಿಸುತ್ತದೆ ಎಂಬ ವಾದಕ್ಕೆ ಅವರ ಮಾತನ್ನು ಬಳಸಿಕೊಂಡಿತು. ಆ ಕಂಪನಿಗಳ ಒಳಗಿನ ಕಾಗದಪತ್ರಗಳು ಬಯಲಿಗೆ ಬಂದಾಗ ಇದು ಜಗತ್ತಿಗೆ ತಿಳಿಯಿತು. ಕಾಯಿಲೆಗೆ ಕಾರಣ ಹೊಗೆಯಲ್ಲ, ನಿನ್ನ ಒತ್ತಡ ಎನ್ನುವುದು ಮಾರುವವರಿಗೆ ಎಷ್ಟು ಅನುಕೂಲ! ಹನ್ನೆರಡು ಗಂಟೆ ದುಡಿಸಿಕೊಂಡು, ಭಾನುವಾರ ಧ್ಯಾನ ಶಿಬಿರಕ್ಕೆ ಕಳಿಸುವ ಕಚೇರಿಗಳೂ ಅದೇ ಅನುಕೂಲದ ನೆರಳಿನಲ್ಲಿವೆ. ಧ್ಯಾನ ಒಳ್ಳೆಯದೇ. ಆದರೆ ದೊಡ್ಡಿಯ ಹೊರಗೆ ನಿಂತ ರೈತನಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಹಸು ಮನೆಗೆ ಬರುವುದಿಲ್ಲ.

ಹಿಂಡುವ ಕೈಯನ್ನು ನೋಡದ ಈ ಕೊರತೆ ಮನೋವೈದ್ಯರಲ್ಲೇ ಕೆಲವರಿಗೆ ಕಂಡಿತ್ತು. ಅವರಿಗೆ ಹೊಸ ಕಣ್ಣು ಕೊಟ್ಟದ್ದು ನಮ್ಮ ದಕ್ಷಿಣ ಕನ್ನಡದ ಹೆಂಗಸರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಅಮೆರಿಕದ ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1981ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ಅಧ್ಯಯನ ಮಾಡಿದ್ದು ದಕ್ಷಿಣ ಕನ್ನಡದ ಹವ್ಯಕ ಬ್ರಾಹ್ಮಣ ಮನೆಗಳ ಹೆಂಗಸರನ್ನು. ತೋಟದ ನಡುವಿನ ಒಂಟಿ ಮನೆಗಳು. ಕಷ್ಟ ಹೇಳಿಕೊಳ್ಳಲು ಮನೆಯ ಹೊರಗೆ ಜನವಿಲ್ಲ; ಮನೆಯೊಳಗೆ ಹೇಳುವಂತಿಲ್ಲ. ಆಗ ನೋವು ಬೇರೆ ಬೇರೆ ಬಾಗಿಲು ಹುಡುಕುತ್ತದೆ. ಮುಖ್ಯವಾಗಿ ಅದು ಮೈಯ ಮೂಲಕ ಮಾತಾಡುತ್ತದೆ. ತಲೆ ಸಿಡಿಯುತ್ತದೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ಬಲವಿಲ್ಲ. ಆ ಮಾತೂ ಯಾರ ಕಿವಿಗೂ ಬೀಳದಿದ್ದರೆ ಇನ್ನಷ್ಟು ದೂರದ ದಾರಿಗಳು. ನಿಕ್ಟರ್ ಇವುಗಳಿಗೆ ಇಟ್ಟ ಹೆಸರು ‘ಡಿಸ್ಟ್ರೆಸ್‌ನ ನುಡಿಗಟ್ಟುಗಳು’. ಇವನ್ನು ರೋಗದ ಪಟ್ಟಿಯಲ್ಲಿ ಸೇರಿಸುವ ಮೊದಲು ಭಾಷೆಯೆಂದು ಓದಿ, ಆಕೆ ಯಾರಿಗೆ ಏನು ಹೇಳುತ್ತಿದ್ದಾಳೆ ಎಂದು ಕೇಳಿಸಿಕೊಳ್ಳಿ ಎಂಬುದು ಅವರ ವಾದದ ತಿರುಳು.

ಆ ಹೆಸರು ಜಗತ್ತನ್ನು ಸುತ್ತಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ, ಮಾನಸಿಕ ಕಾಯಿಲೆಗಳ ನಿರ್ಣಯಕ್ಕೆ ಅನೇಕ ದೇಶಗಳ ವೈದ್ಯರು ನೋಡುವ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಅದಕ್ಕೆ ಅಧಿಕೃತ ಜಾಗ ಸಿಕ್ಕಿದೆ. ದೂರದೂರದ ಆಸ್ಪತ್ರೆಗಳಲ್ಲಿ ಇಂದು ಓದುತ್ತಿರುವ ವಿದ್ಯಾರ್ಥಿ ಈ ಪದ ಕಲಿಯುವಾಗ, ಅಡಿಕೆ ತೋಟದ ನಡುವಿನ ಹಿತ್ತಿಲಲ್ಲಿ ತಲೆಗೆ ಬಟ್ಟೆ ಬಿಗಿದು ಕೂತ ಒಬ್ಬ ಹೆಂಗಸಿನ ಋಣ ಅದರಲ್ಲಿದೆ. ಆಕೆಯ ಹೆಸರು ಯಾರಿಗೂ ತಿಳಿಯುವುದಿಲ್ಲ.

‘ನಂಗೆ ಜೀವ ಸರಿ ಇಲ್ಲ’ ಎಂದು ಒಬ್ಬಾಕೆ ವೈದ್ಯರ ಮುಂದೆ ಕೂತು ಹೇಳಿದರೆ, ರಕ್ತ ಪರೀಕ್ಷೆಯ ಚೀಟಿ ಬರೆಯುವುದು ಸುಲಭ. ‘ಮನೇಲಿ ಯಾರಮ್ಮ ಇದ್ದಾರೆ?’ ಎಂದು ಕೇಳುವುದು ಎರಡನೆಯ ಹೆಜ್ಜೆ. ‘ಸಾಲ ಎಷ್ಟಿದೆ? ವಸೂಲಿಗೆ ಯಾರು ಬರ‍್ತಾರೆ? ಎಷ್ಟು ಹೊತ್ತಿಗೆ ಬರ‍್ತಾರೆ?’ ಎಂದು ಕೇಳುವವರು ಎಷ್ಟು ಮಂದಿ? 1267ರ ಶಾಸನ ಕೇಳಿದ್ದು ಇಂಥವೇ ಪ್ರಶ್ನೆಗಳನ್ನು. ಎಷ್ಟು ಬಾಕಿಗೆ ಎಷ್ಟು ಹಿಡಿದೆ? ಎಲ್ಲಿ ಹಿಡಿದೆ? ಯಾರ ಅಪ್ಪಣೆಯ ಮೇಲೆ ಹಿಡಿದೆ?

ಈ ಪ್ರಶ್ನೆಗಳು ಹಳತಾಗಿಲ್ಲ. 2025ರ ಆರಂಭದಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಿಂದ ಕಿರುಸಾಲದ ವಸೂಲಿಗಾರರ ಕಾಟದ ಸುದ್ದಿಗಳು ಒಂದರ ಮೇಲೊಂದು ಬಂದವು. ವಾರದ ಕಂತು ಕಟ್ಟಲಾಗದ ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಆ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಸಾಲ ಮತ್ತು ಸಣ್ಣ ಸಾಲಗಳ ವಸೂಲಿಯಲ್ಲಿ ಬಲವಂತದ ಕ್ರಮಗಳನ್ನು ತಡೆಯುವುದು ಅದರ ಉದ್ದೇಶ. ತಪ್ಪಿದರೆ 10 ವರ್ಷಗಳವರೆಗೆ ಸೆರೆ, 5 ಲಕ್ಷ ರೂಪಾಯಿಯವರೆಗೆ ದಂಡ. ‘ಬಲವಂತದ ಕ್ರಮ’ ಎಂಬ ಆ ಮಾತನ್ನು ಮಧ್ಯಯುಗದ ಲ್ಯಾಟಿನ್‌ಗೆ ತಿರುಗಿಸಲು ಯಾರಾದರೂ ಹೇಳಿದ್ದರೆ, ಅಂದಿನ ಗುಮಾಸ್ತ ‘ಡಿಸ್ಟ್ರಿಂಗೆರೆ’ ಎಂದೇ ಬರೆದಿರುತ್ತಿದ್ದ. ಅದೇ ತಿಂಗಳುಗಳಲ್ಲಿ ಇಂಗ್ಲಿಷ್ ವರದಿಗಳು ಆ ಹೆಂಗಸರನ್ನು ‘ಡಿಸ್ಟ್ರೆಸ್‌ನಲ್ಲಿದ್ದಾರೆ’ ಎನ್ನುತ್ತಿದ್ದವು, ಏನೋ ತಾನಾಗಿ ಬಂದ ಜ್ವರವೆಂಬಂತೆ. ಹಳೆಯ ಅರ್ಥದಲ್ಲಿ ಅವರು ಡಿಸ್ಟ್ರೆಸ್‌ನಲ್ಲಿರಲಿಲ್ಲ. ಅವರ ಮೇಲೆ ಡಿಸ್ಟ್ರೆಸ್ ನಡೆಸಲಾಗಿತ್ತು.

ಸಾಲ ತೀರಿಸಬೇಕಾದದ್ದೇ. ಅದನ್ನು ನಮ್ಮ ಅಜ್ಜಿಯೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ವಸೂಲಿಗೊಂದು ಎಲ್ಲೆಯಿದೆ ಎಂಬುದನ್ನು ಬಹಳ ಜನ ತಿಳಿದಿಲ್ಲ. ನ್ಯಾಯಾಲಯದ ಡಿಕ್ರಿ ಹಿಡಿದು ಬಂದ ಅಮೀನನೂ ಎಲ್ಲವನ್ನೂ ಮುಟ್ಟುವಂತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಒಂದು ಪಟ್ಟಿ ಕೊಡುತ್ತದೆ. ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುಪು, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಸಂಪ್ರದಾಯದಂತೆ ಹೆಣ್ಣು ಮೈಯಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಹತ್ಯಾರು, ರೈತನಾದರೆ ಬೇಸಾಯದ ಸಲಕರಣೆ, ಹೊಟ್ಟೆಪಾಡಿಗೆ ಬೇಕೆಂದು ನ್ಯಾಯಾಲಯ ಒಪ್ಪುವಷ್ಟು ದನ, ಬಿತ್ತನೆ ಬೀಜ. ಇವು ಜಪ್ತಿಗೆ ಸಲ್ಲುವುದಿಲ್ಲ. ಅಜ್ಜಿಯ ಜಗಲಿಯ ಮೇಲೆ ಸಾಲಾಗಿಟ್ಟ ಅಡುಗೆ ಪಾತ್ರೆಗಳಲ್ಲಿ ಕೆಲವನ್ನಾದರೂ ಆ ದಿನ ಯಾರೂ ಹೊರಗೆ ತರುವಂತಿರಲಿಲ್ಲ. ಅದನ್ನು ಆಕೆಗೆ ಹೇಳುವವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಕೊಡವನ್ನು ಸೆರಗಿನಡಿ ಬಚ್ಚಿಟ್ಟು ಒಯ್ದ ಆ ನೆರೆಯಾಕೆ ಕಳ್ಳತನ ಮಾಡಿದೆನೆಂದು ಸಾಯುವ ತನಕ ಅಂಜುತ್ತಿದ್ದಳಂತೆ.

ಓದುವವರಲ್ಲಿ ಯಾರಾದರೂ ಈಗ ಅಂಥ ಇಕ್ಕಟ್ಟಿನಲ್ಲಿದ್ದರೆ, ಅಥವಾ ಅಂಥವರು ನಿಮ್ಮ ಬೀದಿಯಲ್ಲಿದ್ದರೆ, ಎರಡು ನಂಬರುಗಳನ್ನು ಬರೆದಿಟ್ಟುಕೊಳ್ಳಿ. 14416 ಎಂಬುದು ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಮನಸ್ಸು ಸೋತಾಗ ಹಗಲೋ ರಾತ್ರಿಯೋ ಕನ್ನಡದಲ್ಲೇ ಮಾತಾಡಬಹುದು. 15100 ಎಂಬುದು ಕಾನೂನು ನೆರವಿನ ಸಹಾಯವಾಣಿ. 1987ರ ಕಾಯ್ದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಇದರ ಜಿಲ್ಲಾ ಕಚೇರಿ ಸಾಮಾನ್ಯವಾಗಿ ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಬಾಗಿಲ ಮೇಲಿನ ಇಂಗ್ಲಿಷ್ ಫಲಕದ ಮೊದಲ ಪದ ‘ಡಿಸ್ಟ್ರಿಕ್ಟ್’.